ಗರ್ರ್ ಅನ್ನೋ ಗಿಟಾರು, ಹೂಂ ಅನ್ನೋ ಹುಡುಗಿ

ಮೂವರು ಹೆಣ್ಣುಮಕ್ಕಳು ಸೇರಿ ಬ್ಯಾಂಡು ಕಟ್ಟಿದರೆ, ಅವರ ಹಾಡು ಕೇಳುವವರಿಗಿಂತ ಅವರನ್ನು ವಿಚಾರಿಸುವವರೇ ಹೆಚ್ಚು. ಗದಗ-ಬೆಟಗೇರಿಯಲ್ಲಿ ನಮ್ಮ ಪಾಲಿಗಂತೂ ಈ ವಿಚಾರಣೆ ಮುಗಿಯುವುದೇ ಇಲ್ಲ. ಒಂದು ಓಣಿ ಒಪ್ಪಿಕೊಂಡಿತು ಅನ್ನುವಷ್ಟರಲ್ಲಿ ಮುಂದಿನ ಓಣಿಯವರು ಹುಬ್ಬು ಏರಿಸಿರುತ್ತಾರೆ.

ನಾನು ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವಾಕೆ. ಗಿಟಾರು ನನ್ನದು. ನನ್ನ ಚಿಕ್ಕಮ್ಮನ ಮಗಳು ಹೆಂಗಸರ ಜಂಪರ್ ಹೊಲಿಯುವ ದರ್ಜಿ. ಆಕೆ ನಿಂತುಕೊಂಡೇ ಡ್ರಮ್ಮು ಬಾರಿಸುತ್ತಾಳೆ. ಮೂರನೆಯಾಕೆ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಗೆಳತಿ. ಮುಖ್ಯ ಹಾಡು ಆಕೆಯದು, ಈ ಹುಚ್ಚು ಹಿಡಿಸಿದ್ದೂ ಆಕೆಯೇ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಹುಡುಕಿ ಹುಡುಕಿ ನಮಗೆ ಕೇಳಿಸಿದಳು. ಅರವತ್ತರ ದಶಕದಲ್ಲಿ ಅಮೆರಿಕದ ಹುಡುಗಿಯರು ಮೂರು ಮೂರು ಮಂದಿ ಒಂದೇ ನಮೂನೆಯ ಬಟ್ಟೆ ತೊಟ್ಟು ನಿಂತು ಹಾಡುತ್ತಿದ್ದರು. ಒಬ್ಬಾಕೆ ತನ್ನ ಹುಡುಗ ಕೈಕೊಟ್ಟ ಸಂಕಟ ಹೇಳಿಕೊಂಡರೆ, ಉಳಿದವರು ಹಿಂದೆ ನಿಂತು 'ಊ ಊ', 'ಹೌದೌದು' ಅಂತ ಸಮಾಧಾನ ಮಾಡುವುದು. ಈಗಿನ ಕೆಲವು ಬ್ಯಾಂಡಿನವರು ಆ ಸಿಹಿ ರಾಗವನ್ನೇ ಎತ್ತಿಕೊಂಡು ಅದರ ಮೇಲೆ ಗಿಟಾರಿನ ಗದ್ದಲ ಸುರಿಯುತ್ತಾರೆ. ಹೋಳಿಗೆಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿಂದ ಹಾಗೆ. ನೋಡಿದವರಿಗೆ ಮೊದಲು ಸಂಶಯ ಬರುತ್ತದೆ. ತಿಂದವರಲ್ಲಿ ಕೆಲವರು ಇನ್ನೊಂದು ತುಂಡು ಕೇಳುತ್ತಾರೆ. ನಾವು ಕೇಳಿದೆವು. ಮುಂದಿನದೆಲ್ಲ ಅದರ ಫಲ.

ರಿಪೇರಿ

ಗಿಟಾರಿನ ಸಪ್ಪಳ ದೊಡ್ಡದು ಮಾಡುವ ಆಂಪ್ಲಿಫಯರ್ ಒಂದು ದಿನ ಚಾಲೂ ಆಗಲಿಲ್ಲ. ಗದಗಿನಲ್ಲಿ ಮದುವೆ ಮಂಟಪಗಳ ಮೈಕು ದುರಸ್ತಿ ಮಾಡುವ ಹಿರಿಯರೊಬ್ಬರಿದ್ದಾರೆ, ಅವರ ಹತ್ತಿರ ಒಯ್ದು ಕೊಟ್ಟೆ. ಜೊತೆಗೆ ಕಾಲಿನಿಂದ ತುಳಿಯುವ ನಮ್ಮ ಸಣ್ಣ ಡಬ್ಬಿಯನ್ನೂ ಕೊಟ್ಟಿದ್ದೆ. ಗಿಟಾರಿಗೆ ಗರ್ರ್ ಅನ್ನುವ ದನಿ ಬರುವುದು ಆ ಡಬ್ಬಿಯಿಂದ.

ಮರುದಿನ ಹೋದಾಗ ಅವರು ಬಹಳ ಸಮಾಧಾನದಲ್ಲಿದ್ದರು. "ಫ್ಯೂಸ್ ಹೋಗಿತ್ತವಾ, ಹಾಕೀನಿ. ಮತ್ತ ಈ ಡಬ್ಬಿ ಬಾಳ ಗರ್ರ್ ಅಂತಿತ್ತು. ಅದನ್ನೂ ತಗದೀನಿ. ಈಗ ನೋಡ, ಹಾಲಿನಂಗ ಐತಿ."

"ಕಾಕಾ, ಅದನ್ನ ತಗೀಬಾರದಿತ್ರಿ. ಆ ಗರ್ರ್ ನಮಗ ಬೇಕು," ಅಂದೆ.

ಅವರು ಚಷ್ಮಾ ಹಣೆಗೇರಿಸಿ ನನ್ನನ್ನು ನೋಡಿದರು. ಆಮೇಲೆ ಅಂಗಡಿಯ ಹೊರಗೆ ರಸ್ತೆಯ ಎರಡೂ ಕಡೆ ನೋಡಿದರು. "ನಿನ್ನ ಯಾರ ಕಳಿಸ್ಯಾರ? ಬಸ್ ಸ್ಟ್ಯಾಂಡಿನ ಕಡೆ ಹೊಸಾ ಅಂಗಡಿ ಇಟ್ಟಾನಲ್ಲ, ಅವನ?"

ಯಾರೂ ಕಳಿಸಿಲ್ಲ ಅಂತ ನಂಬಿಸುವಷ್ಟರಲ್ಲಿ ಎರಡು ಚಹಾ ಆದವು. ಫೋನಿನಲ್ಲಿ ಹಾಡು ಹಚ್ಚಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಮುಖ ಹಿಂಡಿದರು, "ಈ ಸ್ಪೀಕರ ಹರದೈತಿ" ಅಂದರು. ಕಡೆಗೆ ಮನಸ್ಸಿಲ್ಲದ ಮನಸ್ಸಿನಿಂದ ಡಬ್ಬಿ ಬಿಚ್ಚಿ, ತೆಗೆದಿದ್ದನ್ನು ಮತ್ತೆ ಕೂಡಿಸಿ, ಗರ್ರ್ ಅನ್ನಿಸಿ ಕೊಟ್ಟರು. ಕೊಡುವಾಗ ಬೆರಳೆತ್ತಿ ಹೇಳಿದರು:

"ಇದಕ್ಕ ನಾ ಗ್ಯಾರಂಟಿ ಕೊಡಂಗಿಲ್ಲ ನೋಡವಾ. ನಾಳೆ ತಾನ ಸುದ್ದ ಆತಂದ್ರ ನನ್ನ ಕೇಳಾಕ ಬರಬ್ಯಾಡ."

ಗಿರಣಿ

ಬೆಟಗೇರಿಯಲ್ಲಿ ನಮಗೆ ಪ್ರಾಕ್ಟೀಸಿಗೆ ಒಂದು ಖೋಲಿ ಸಿಕ್ಕಿತ್ತು. ಹಿಂದೆ ಮಗ್ಗ ಇದ್ದ ಜಾಗ, ಈಗ ಖಾಲಿ. ಮಾಲಕರು ಒಬ್ಬ ಅಜ್ಜಿ. "ಗಂಡಸರು ಬರಬಾರದು, ಮಂದಿ ತಕರಾರು ಬರಬಾರದು" ಅಂತ ಮೊದಲೇ ಕರಾರು ಹಾಕಿದ್ದರು. ತಕರಾರು ಬಂದರೆ ಖೋಲಿ ಹೋಗುತ್ತಿತ್ತು, ಖೋಲಿ ಹೋದರೆ ಬ್ಯಾಂಡೂ ಹೋಗುತ್ತಿತ್ತು. ಅದಕ್ಕೇ ಬಾಗಿಲು ಕಿಟಕಿ ಎಲ್ಲ ಬಿಗಿಯಾಗಿ ಹಾಕಿ ಬಾರಿಸುತ್ತಿದ್ದೆವು.

ಒಂದು ಭಾನುವಾರ ಹಾಡಿನ ನಡುವೆ ಯಾರೋ ಬಾಗಿಲು ಬಡಿದರು. ತೆಗೆದರೆ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಜೋಳದ ಡಬ್ಬಿ ಹೊತ್ತು ನಿಂತಿದ್ದಾಳೆ. "ಪಾಳಿ ಬಾಳ ಐತೇನ?" ಅಂದಳು.

"ಇದು ಗಿರಣಿ ಅಲ್ರೀ ಅಕ್ಕಾರ. ನಾವು ಹಾಡಾಕತ್ತೀವಿ," ಅಂದಳು ನಮ್ಮ ದರ್ಜಿ.

ಆಕೆ ನಂಬಲಿಲ್ಲ. ಒಳಗೆ ಬಂದು ಡ್ರಮ್ಮಿನ ಹಿಂದೆ ಹಣಕಿ ಹಾಕಿದಳು. ನೆಲದ ಮೇಲೆ ಬೆರಳಾಡಿಸಿ ಹಿಟ್ಟು ಹತ್ತುತ್ತದೋ ಅಂತ ನೋಡಿದಳು. ಹತ್ತಲಿಲ್ಲ. ಆಗ ದನಿ ಇಳಿಸಿ, "ಮನಿ ಮೀಟರಿನ ಮ್ಯಾಲೆ ಗಿರಣಿ ನಡಸಾಕತ್ತೀರಿ, ತಿಳೀತು. ನಾ ಯಾರ ಮುಂದೂ ಹೇಳಂಗಿಲ್ಲ. ಸಣ್ಣಗ ಬೀಸಿ ಕೊಡ್ರಿ," ಅಂದಳು. ಬೀಸುವುದಿಲ್ಲ ಅಂದಿದ್ದಕ್ಕೆ ಸಿಟ್ಟಾಗಿ ಹೋದಳು.

ಅದೇ ವಾರ ಮೀಟರು ತಪಾಸಣೆ ಮಾಡುವವರು ಬಂದರು. ಅಜ್ಜಿಯೂ ಸೆರಗು ಸಿಗಿಸಿಕೊಂಡು ಬೆನ್ನಿಗೇ ಬಂದರು. ಖೋಲಿಯ ಮೂಲೆ ಮೂಲೆ ನೋಡಿದ ಆ ಸಾಹೇಬರಿಗೆ ಏನೂ ಸಿಗಲಿಲ್ಲ. "ಹಂಗಾರ ಆ ಸಪ್ಪಳ ಎಲ್ಲಿಂದ ಬರತೈತಿ? ನನ್ನ ಮುಂದ ಒಮ್ಮಿ ಮಾಡಿ ತೋರಸ್ರಿ," ಅಂದರು. ಅಂಜುತ್ತಲೇ ಒಂದು ಹಾಡು ಪೂರ್ತಿ ಬಾರಿಸಿದೆವು. ಅವರು ಕಿವಿಯ ಹತ್ತಿರ ಕೈ ಒಯ್ದರೂ ಮುಚ್ಚಿಕೊಳ್ಳಲಿಲ್ಲ. ಅಷ್ಟು ಮರ್ಯಾದೆ ಇಟ್ಟರು. ಮುಗಿದ ಮೇಲೆ ಅಜ್ಜಿಯ ಕಡೆ ತಿರುಗಿದರು.

"ಅಮ್ಮಾರ, ಇಲ್ಲಿ ಗಿರಣಿ ಇಲ್ಲ. ಖಾತ್ರಿ ಆತು."

"ಹೆಂಗ ಖಾತ್ರಿ ಆತ್ರಿ?" ಅಂತ ಅಜ್ಜಿ ಕೇಳಿದರು.

"ಗಿರಣಿ ಇಷ್ಟ ಸಪ್ಪಳ ಮಾಡಂಗಿಲ್ರಿ."

ಗುಲಾಬಿ ಸೀರೆ

ಆ ಹಳೆಯ ಹುಡುಗಿಯರ ಹಾಗೆ ನಮಗೂ ಒಂದೇ ನಮೂನೆಯ ಉಡುಪು ಬೇಕು ಅನ್ನಿಸಿತು. ಬೆಟಗೇರಿಯ ಒಂದೇ ಮಗ್ಗದಿಂದ ಇಳಿದ ಮೂರು ಗುಲಾಬಿ ಸೀರೆ ತಂದೆವು. ಅವನ್ನುಟ್ಟು ಲಕ್ಷ್ಮೇಶ್ವರದ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋದೆವು. ಕೈಯಲ್ಲಿ ಒಂದೊಂದು ಚೀಲ, ಮೊಬೈಲ್ ಅಂಗಡಿಯಾಕೆಯ ಹೆಗಲಿಗೆ ವೈರು ತುಂಬಿದ ಡಬ್ಬಿ.

ಅದರ ಹಿಂದಿನ ದಿನವೇ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು ಬಂದು ಆ ಮಕ್ಕಳಿಗೆಲ್ಲ ಚುಚ್ಚುಮದ್ದು ಹಾಕಿಸಿದ್ದರು ಅಂತ ನಮಗೆ ಗೊತ್ತಿರಲಿಲ್ಲ. ನಾವು ವೇದಿಕೆ ಹತ್ತಿದ್ದೇ ತಡ, ಮುಂದಿನ ಸಾಲಿನ ಒಂದು ಹುಡುಗಿ ತನ್ನ ತೋಳು ಹಿಡಿದುಕೊಂಡು, "ಇವತ್ತ ಮತ್ತ ಬಂದಾರ" ಅಂದಳು. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ನಮ್ಮ ದರ್ಜಿ ಚೀಲದಿಂದ ಡ್ರಮ್ಮಿನ ಕೋಲು ತೆಗೆದಳು, ಅಲ್ಲಿಗೆ ಮುಗಿಯಿತು. ಇಡೀ ಪೆಂಡಾಲು ಖಾಲಿ. ಹೆಡ್ ಮಾಸ್ತರರು ಗೇಟು ಹಾಕಿಸಿದ್ದಕ್ಕೆ ಮಕ್ಕಳು ಕೈಗೆ ಸಿಕ್ಕರು.

ಬೇರೆ ಎಲ್ಲ ಕಡೆ ನಮ್ಮ ಮಂದಿ ಹಾಡು ಕೇಳಿ ಎದ್ದು ಹೋಗುತ್ತಾರೆ. ಕೇಳುವುದಕ್ಕಿಂತ ಮೊದಲೇ ಓಡಿದವರು ಲಕ್ಷ್ಮೇಶ್ವರದವರು ಮಾತ್ರ.

ಹೂಂ

ನಮ್ಮ ದರ್ಜಿಯ ಮನೆ ಶಿರಹಟ್ಟಿಯಲ್ಲಿ. ಆಕೆಯನ್ನು ನೋಡಲು ಗಂಡಿನ ಕಡೆಯವರು ಬಂದಾಗ ಚಿಕ್ಕಮ್ಮ ನನ್ನನ್ನೂ ಕರೆಸಿದ್ದಳು. ಹುಡುಗ ಕಿರಾಣಿ ವ್ಯಾಪಾರದವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿಯೇ ಆಡುತ್ತಿದ್ದರು. ಆಕೆಗೆ ಬಂದಾಗಿನಿಂದ ಒಂದೇ ಸಂಶಯ: ಸ್ವಂತ ದುಡಿಯುವ ಹುಡುಗಿ ಎದುರು ಮಾತಾಡುತ್ತಾಳೆ.

ಅವಲಕ್ಕಿ ಆಯಿತು, ಚಹಾ ಆಯಿತು. "ಹುಡುಗಿ ಹಾಡ್ತಾಳಂತಲ್ಲ, ಒಂದು ಹಾಡು ಕೇಳೂಣು," ಅಂದರು ಹುಡುಗನ ತಾಯಿ.

ತೊಂದರೆ ಏನೆಂದರೆ, ನಮ್ಮ ದರ್ಜಿ ಯಾವ ಹಾಡನ್ನೂ ಪೂರ್ತಿ ಹಾಡಿದವಳಲ್ಲ. ಆಕೆಯದು ಹಿಂದೆ ನಿಂತು ಹೇಳುವ ಪಾಲು ಅಷ್ಟೇ. ಮುಖ್ಯ ಸಾಲುಗಳನ್ನು ಮನಸ್ಸಿನೊಳಗೇ ಹೇಳಿಕೊಂಡು, ತನ್ನ ಜಾಗ ಬಂದಾಗ ಬಾಯಿ ತೆಗೆಯುವುದು ರೂಢಿ. ಹಾಡುವಾಗ ಕಣ್ಣು ಮುಚ್ಚಿದಳೆಂದರೆ ಹೊರಗಿನದು ಏನೂ ಕಿವಿಗೆ ಬೀಳುವುದಿಲ್ಲ. ಅವತ್ತೂ ಕಣ್ಣು ಮುಚ್ಚಿದಳು.

"ಊ... ಊ..." ಅಂದಳು. ಆಮೇಲೆ ಸುಮ್ಮನಾದಳು.

ಎಲ್ಲರೂ ಮುಂದಿನ ಸಾಲಿಗೆ ಕಾದರು. ಬರಲಿಲ್ಲ. ಹಾಡು ಮುಗಿಯಿತು ಅಂತ ತಿಳಿದ ಹುಡುಗನ ತಾಯಿ ವಿಚಾರಣೆ ಸುರು ಮಾಡಿದರು. "ರೊಟ್ಟಿ ಬಡ್ಯಾಕ ಬರತೈತೇನ?"

"ಹೌದೌದು," ಅಂದಳು ದರ್ಜಿ, ತನ್ನ ಸಾಲು ಬಂತೆಂದು.

"ಮದಿವ್ಯಾದ ಮ್ಯಾಲೆ ಹೊಲಿಗಿ ಅಂಗಡಿ ಮುಚ್ಚಿ ಮನ್ಯಾಗ ಇರ್ತೀಯೇನ?"

"ಹೂಂ... ಹೂಂ..."

"ಅತ್ತಿ ಮಾತು ಮೀರಂಗಿಲ್ಲ ಹೌದಿಲ್ಲೋ?"

"ಹೌದೌದು, ಹೌದೌದು."

ಆ ತಾಯಿಯ ಮುಖ ಅರಳಿತು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನನಗೆ ಕಣ್ಣಿನಲ್ಲೇ ಕೇಳುತ್ತಿದ್ದಾಳೆ, ಇದು ಏನು ನಡೆದಿದೆ ಅಂತ. ನಾನು ದರ್ಜಿಯ ಸೆರಗು ಜಗ್ಗಬೇಕು, ಆದರೆ ನಡುವೆ ಹುಡುಗನ ಸೋದರಮಾವ ಕೂತಿದ್ದಾರೆ. ನನಗೆ ಹಾಡಿನ ಕೊನೆಯ ಸಾಲು ಗೊತ್ತಿತ್ತು. ಅದರಲ್ಲಿ ಗೆಳತಿಯರೆಲ್ಲ ಸೇರಿ ಬುದ್ಧಿ ಹೇಳುತ್ತಾರೆ.

ತಾಯಿ ಮಗನ ಹೆಗಲ ಮೇಲೆ ಕೈಯಿಟ್ಟು, "ಹಂಗಾರ ನಮ್ಮ ಹುಡುಗ ನಿನ್ನ ಮನಸಿಗೆ ಬಂದಾನಿಲ್ಲೋ?" ಅಂತ ಕೇಳಿದರು.

"ಬಿಟ್ಟುಬಿಡು ಅವನ್ನ," ಅಂದಳು ನಮ್ಮ ದರ್ಜಿ ರಾಗವಾಗಿ, "ಬಿಟ್ಟುಬಿಡು."

ಅವರು ಹೋದ ಮೇಲೆ ಆಕೆಗೆ ವಿಷಯ ಹೇಳಿದೆವು. ಅಂಗಡಿ ಮುಚ್ಚಬೇಕಾಗಿತ್ತು ಅನ್ನುವುದನ್ನು ಕೇಳಿ, "ಹಂಗಾರ ಹಾಡು ಸರಿಯಾಗೇ ಹಾಡೀನಿ ಬಿಡು" ಅಂದಳು. ಚಿಕ್ಕಮ್ಮ ಮಾತ್ರ ಇವತ್ತಿಗೂ ಓಣಿಯಲ್ಲಿ ಹೇಳುತ್ತಾಳೆ: "ಒಂದ ಹಾಡಿನ್ಯಾಗ ಒಪ್ಪಿಗಿನೂ ಕೊಟ್ಲು, ಗಂಡನ್ನ ಬಿಡೂ ಸೋಡಚೀಟಿನೂ ಕೊಟ್ಲು."

ಬಂಗಾರ

ಕಪ್ಪತಗುಡ್ಡದ ಬುಡದಲ್ಲಿ ನಿಂತು ನಮ್ಮ ಹಾಡಿನ ಒಂದು ವಿಡಿಯೊ ತೆಗೆಯಲು ಹೋಗಿದ್ದೆವು. ಬ್ಯಾಟರಿ ಮೇಲೆ ನಡೆಯುವ ಸಣ್ಣ ಸ್ಪೀಕರು, ವೈರು, ತುಳಿಯುವ ಡಬ್ಬಿ ಎಲ್ಲ ಕಲ್ಲಿನ ಮೇಲೆ ಹರಡಿದ್ದೆವು. ಪಕ್ಕದ ಶೇಂಗಾ ಹೊಲದಿಂದ ಯಜಮಾನರೊಬ್ಬರು ಕುಡಗೋಲು ಹಿಡಿದು ಬಂದರು.

"ಯಾವ ಊರವ್ರು? ಈ ಮಷೀನು ಎದರದು?"

ಹಾಡಿನದು ಅಂದೆವು. ಅವರು ನಕ್ಕರು. "ಗುಡ್ಡದಾಗ ಬಂಗಾರ ಐತಿ ಅಂತ ಸಣ್ಣ ಹುಡುಗರಿಗೂ ಗೊತ್ತೈತಿ. ಬಂಗಾರ ಹುಡುಕೂ ಮಷೀನು ಕುಂಯ್ ಅನ್ನೋದು ನಾ ಆಗಿಂದ ಕೇಳಾಕತ್ತೀನಿ. ಪೊಲೀಸರಿಗೆ ಫೋನ್ ಮಾಡ್ಲೇನ?"

ನಾವು ಬಡಬಡ ವೈರು ಸುತ್ತತೊಡಗಿದೆವು. ಅವರು ಗಂಟಲು ಸರಿ ಮಾಡಿಕೊಂಡು ಹತ್ತಿರ ಬಂದರು. "ಪೊಲೀಸರದು ಇರ್ಲಿ. ಹೆಂಗೂ ಬಂದೀರಿ, ನಮ್ಮ ಹೊಲದಾಗ ಒಮ್ಮಿ ಅಡ್ಡ್ಯಾಡಿ ಹೋಗ್ರೆಲ್ಲ."

ಕುಡಗೋಲು ಕೈಯಲ್ಲೇ ಇತ್ತು, ಇಲ್ಲ ಅನ್ನುವಂತಿರಲಿಲ್ಲ. ಗಿಟಾರಿಗೆ ಮತ್ತೆ ವೈರು ಸಿಗಿಸಿ ಕೊರಳಿಗೆ ಹಾಕಿಕೊಂಡು ಬದುವಿನ ಗುಂಟ ನಡೆದೆ. ಮೊಬೈಲ್ ಅಂಗಡಿಯಾಕೆ ಸ್ಪೀಕರು ಹಿಡಿದು ಹಿಂದೆ ಬಂದಳು. ಒಂದು ಬೇವಿನ ಗಿಡದ ಹತ್ತಿರ ನಾನು ಎಡವಿ ಗಿಟಾರು ಸ್ಪೀಕರಿನ ಕಡೆ ವಾಲಿತು, ಕುಂಯ್ ಅಂತು. ಯಜಮಾನರು ಅಲ್ಲಿ ಒಂದು ಕಲ್ಲು ನೆಟ್ಟು, ನಮ್ಮ ಉಡಿಗೆ ಹಸಿ ಶೇಂಗಾ ಹಾಕಿ ಕಳಿಸಿದರು.

ಆ ದಾರಿಯಲ್ಲಿ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ನೋಡುತ್ತೇವೆ. ಬೇವಿನ ಗಿಡದ ಹತ್ತಿರ ಅಗೆದ ತೆಗ್ಗು ದೊಡ್ಡದಾಗುತ್ತಲೇ ಇದೆ.

ಕಿವಿ

ಮುಂಡರಗಿಯ ಒಂದು ಮದುವೆಯಲ್ಲಿ ಹಾಡಲು ಕರೆ ಬಂತು. ಮದುಮಗಳು ಮೊಬೈಲ್ ಅಂಗಡಿಯಾಕೆಯ ಗೆಳತಿ. ನಮ್ಮ ಅಪ್ಪನಿಗೆ ನಮ್ಮ ಬ್ಯಾಂಡಿನ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. "ಈ ಸಲ ನಾನೂ ಬರ್ತೀನಿ. ಒಬ್ಬರು ಬಂದು ಒಂದು ಮಾತು ಅಂದ್ರ ಅಲ್ಲಿಗೆ ಮುಗೀತು, ಗಿಟಾರು ಮಾರಿಬಿಡೂದು," ಅಂತ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟರು.

ಮಂಟಪದ ಬಾಗಿಲಲ್ಲೇ ಮದುಮಗನ ಕಾಕಾ ತಡೆದರು. "ಬ್ಯಾಂಡಿನವ್ರು ಅಂದ್ರಿ. ಉಳದ ಮಂದಿ ಎಲ್ಲಿ? ಟೊಪಗಿ ಎಲ್ಲಿ? ಕಹಳಿ ಎಲ್ಲಿ?" ಮದುಮಗಳು ಒಳಗಿನಿಂದ ಹೇಳಿ ಕಳಿಸಿದ ಮೇಲೆ ಬಿಟ್ಟರು. ಆದರೂ ನಾವು ಹಾಡುವವರೆಗೆ ಬೆನ್ನ ಹಿಂದೆಯೇ ನಿಂತಿದ್ದರು.

ಮಧ್ಯಾಹ್ನದ ಊಟ ಆಗಿ ಮಂದಿ ಎಲೆಯಡಿಕೆ ಹಾಕುತ್ತಾ ಕೂತಿದ್ದರು. ನಾವು ಸುರು ಮಾಡಿದೆವು. ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಎರಡನೆಯ ಸಾಲಿಗೆ ನಾನು ಡಬ್ಬಿ ತುಳಿದೆ. ಮಂಟಪದ ಮೈಕೂ ನಮ್ಮ ಸ್ಪೀಕರೂ ಎದುರಾಬದುರಾ ಇದ್ದವೇನೋ, ಇಡೀ ಮಂಟಪದಲ್ಲಿ ಕುಂಯ್ಯ್ ಅಂತ ಎಂಥ ಸೀಟಿ ಎದ್ದಿತೆಂದರೆ, ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಭಟ್ಟರು ಎರಡೂ ಕಿವಿಗೆ ಬೆರಳು ಹಾಕಿಕೊಂಡರು. ಮೊದಲ ಸಾಲಿನಲ್ಲಿ ಮದುಮಗನ ಅಜ್ಜ ಕೂತಿದ್ದರು, ಕಿವಿಗೆ ಮಷೀನು ಹಾಕಿಕೊಂಡವರು. ಅವರು ಮಷೀನು ಕಿತ್ತು ತೆಗೆದು, ಝಾಡಿಸಿ, ಕುರ್ಚಿಯ ಕೈಗೆ ಎರಡು ಸಲ ಬಡಿದು, ಕಿಸೆಗೆ ಹಾಕಿಕೊಂಡರು. ಆಮೇಲೆ ಸ್ಥಿರವಾಗಿ ಕೂತು ನಮ್ಮನ್ನೇ ನೋಡತೊಡಗಿದರು.

ಹಾಡು ಮುಗಿಯಿತು. ಅಪ್ಪ ಎದ್ದು ಬಂದು, "ಸಾಮಾನು ಕಟ್ಟ್ರಿ" ಅಂದರು. ಅಷ್ಟರಲ್ಲಿ ಅಜ್ಜ ಕೋಲೂರಿಕೊಂಡು ನಮ್ಮ ಕಡೆಗೇ ಬರುವುದು ಕಂಡಿತು. ಅಪ್ಪ ಮುಂದೆ ಹೋಗಿ ಕೈ ಮುಗಿದರು. "ತಪ್ಪಾತ್ರಿ ಹಿರ್ಯಾರ. ಹುಡಿಗ್ಯಾರು, ತಿಳೀಲಿಲ್ಲ."

ಅಜ್ಜ ಅದನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ. ಕಿಸೆಯಿಂದ ಮಷೀನು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. "ಇದು ಇಲ್ಲೈತಿ ನೋಡ್ರಿ. ಕಿವ್ಯಾಗ ಇಲ್ಲ. ಆದ್ರೂ ನನಗ ಕೇಳಸ್ತು. ಹಾಡಿನ ಒಂದೊಂದು ದನಿ ಕೇಳಸ್ತು. ದವಾಖಾನಿಯವ್ರ ಕೈಲೆ ಆಗದ್ದು ನಿಮ್ಮ ಮಕ್ಕಳು ಮಾಡಿದ್ರು."

"ಹಂಗಲ್ರಿ, ಸಪ್ಪಳ ಜೋರಿತ್ತು," ಅಂದರು ಅಪ್ಪ.

"ಊಟ ಆತ್ರಿ, ನಿಮ್ಮದಾತಿಲ್ಲೋ?" ಅಂದ ಅಜ್ಜ ಮಂದಿಯ ಕಡೆ ತಿರುಗಿ, "ನೋಡ್ರಿ, ಈಗ ಎಲ್ಲಾ ಹೆಂಗ ಕೇಳತೈತಿ," ಅಂದರು.

ಆ ಮಾತು ಹಬ್ಬಿತು. ಯಾರು ಕೊಟ್ಟರೋ, ಅಪ್ಪನ ಫೋನು ನಂಬರೂ ಜೊತೆಗೆ ಹಬ್ಬಿತು. ಒಂದು ದಿನ ನಾವೆಲ್ಲ ಮನೆಯಲ್ಲಿ ಕೂತಿದ್ದಾಗ ಹಿರೇವಡ್ಡಟ್ಟಿಯಿಂದ ಒಬ್ಬರು ಕರೆ ಮಾಡಿದರು. ಮದುವೆಯದಲ್ಲ, ಅವರ ಅತ್ತೆಯ ಕಿವಿಯದು. ಹಾಡು ಬೇಕಾಗಿಲ್ಲ, ಆ ಸೀಟಿಯೊಂದೇ ಸಾಕು ಅಂದರಂತೆ.

ಇವತ್ತು ಗಿಟಾರಿನ ಗತಿ ಮುಗಿಯಿತು ಅಂತ ನಾನು ಅಪ್ಪನ ಮುಖ ನೋಡುತ್ತಾ ಕೂತೆ. ಅಪ್ಪ ಎಲ್ಲ ಶಾಂತವಾಗಿ ಕೇಳಿಕೊಂಡರು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು, ಬಹಳ ಗಂಭೀರವಾಗಿ ನನ್ನನ್ನು ಕೇಳಿದರು:

"ಬಲಗಿವಿ ಅಷ್ಟ ಕೇಳಂಗಿಲ್ಲಂತ. ಎಡಗಿವಿಗೆ ಹತ್ತಿ ಇಟಗೊಂಡು ಬರ್ರಿ ಅಂತ ಹೇಳಲೇನ?"