ಅಣ್ಣನ ಬದಲಿಗೆ ತಮ್ಮ

ಕಣ್ಣಿನ ಆಪರೇಷನ್ನಿಗೆ ಅಮ್ಮ ಹಾಕಿದ್ದು ಒಂದೇ ಷರತ್ತು. "ದೊಡ್ಡವನು ಬಂದು ಪಕ್ಕದಲ್ಲಿ ಕೂತು 'ಹೋಗು' ಅನ್ನಲಿ, ನಾಳೆ ಬೆಳಗ್ಗೆನೇ ಹೋಗಿ ಮಲಗ್ತೀನಿ. ಇಲ್ಲಾಂದ್ರೆ ಈ ಕಣ್ಣು ಹೀಗೇ ಇರಲಿ."

ಪೊರೆ ಕಟ್ಟಿ ಅವಳಿಗೆ ನೆರಳು ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೆತ್ತ ತಾಯಿ ಕೇಳಿದ್ದು ಸಣ್ಣ ವಿಷಯವೇ. ತೊಂದರೆ ಏನೆಂದರೆ, ದೊಡ್ಡವನು ಸತ್ತು ಎರಡು ವರ್ಷವಾಗಿತ್ತು.

ಅವನು ದೂರದ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು, ಜ್ವರ ಬಂದು ಹೋಗಿಬಿಟ್ಟ. ಆಗ ಅಮ್ಮನೂ ಆಸ್ಪತ್ರೆಯಲ್ಲಿದ್ದಳು. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ ಚಿಕ್ಕ ಮಗನಿಗೆ, ಅಂದರೆ ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ, ಆ 'ಆಮೇಲೆ' ಬರಲೇ ಇಲ್ಲ. ಅದರ ಬದಲು ಪ್ರತಿ ಭಾನುವಾರ ಮಹಡಿ ಹತ್ತಿ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, ಕೆಳಗಿದ್ದ ಅಮ್ಮನಿಗೆ ಅಣ್ಣನ ದನಿಯಲ್ಲಿ ಫೋನ್ ಮಾಡುವುದು ರೂಢಿಯಾಯಿತು. "ಏನ್ ಮಹಾರಾಣೀ, ಊಟ ಆಯ್ತಾ?" ಎಂದರೆ ಸಾಕು, ಅಮ್ಮ ಅರಳುತ್ತಿದ್ದಳು. ಅದೇ ಬಾಯಿ ಕೆಳಗಿಳಿದು ಬಂದು "ಊಟ ಆಯ್ತಾ?" ಎಂದರೆ, "ನಿನ್ನ ಅಡುಗೆಗೆ ಉಪ್ಪೂ ಇಲ್ಲ, ರುಚೀನೂ ಇಲ್ಲ" ಎಂಬ ಉತ್ತರ. ಸತ್ತ ಅಣ್ಣನ ಮೇಲೆ ಹೊಟ್ಟೆಕಿಚ್ಚು ಪಡುವ ಗ್ರಹಚಾರ ಶತ್ರುವಿಗೂ ಬೇಡ.

ಅವತ್ತು ಬೆಳಗ್ಗೆ ಟ್ಯುಟೋರಿಯಲ್‌ನಲ್ಲಿ ಪ್ರೋನೌನ್ ಪಾಠ.

"ನಾಮಪದಕ್ಕೆ ಪದೇ ಪದೇ ಬರೋಕಾಗಲ್ಲ. ಅದರ ಜಾಗದಲ್ಲಿ ಪ್ರೋನೌನ್ ಬಂದು ನಿಲ್ಲುತ್ತೆ. ದಿ ಬಾಯ್ ಈಸ್ ಟೈರ್ಡ್. ಹಿ ಈಸ್ ಸ್ಲೀಪಿಂಗ್. ಈ 'ಹಿ' ಯಾರು?"

"ಆ ಹುಡುಗ, ಸರ್."

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಸರ್, ಸತ್ತುಹೋದವರಿಗೂ 'ಹಿ'ನೇನಾ?"

ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. "ಹೌದಮ್ಮ, ಅವರಿಗೂ 'ಹಿ'ನೇ."

"ಹಾಗಾದ್ರೆ ಆ 'ಹಿ' ನೋಡಿ, ಇದಾರೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ," ಎಂದವರೇ ಮೇಷ್ಟ್ರು ಪಾಠವನ್ನು ಅಲ್ಲಿಗೇ ನಿಲ್ಲಿಸಿ ಮನೆ ಕಡೆ ಓಡಿದರು. ಫೋನಿನಲ್ಲಿ ಅಣ್ಣನ ಜಾಗದಲ್ಲಿ ನಿಂತದ್ದಾಯಿತು, ಇನ್ನು ಕುರ್ಚಿಯಲ್ಲಿ ಕೂರುವುದೇನು ಮಹಾ!

ಮನೆಯ ಕೆಳಗೇ ಟೈಲರ್ ಅಂಗಡಿ. ಗುಟ್ಟು ಅವನೊಬ್ಬನಿಗೆ ಗೊತ್ತಿತ್ತು. ಊರ ಉಸಾಬರಿಯೆಲ್ಲ ತನ್ನದೇ ಎನ್ನುವ ಆಸಾಮಿ ಅವನು.

"ನಿಮ್ಮಣ್ಣ ದಪ್ಪ ಆಳು, ನೀವು ನೋಡಿದ್ರೆ ನೂಲಿನ ಎಳೆ. ಬನ್ನಿ ಇಲ್ಲಿ," ಎಂದು ಯಾರೋ ಗಿರಾಕಿಯ ಅರ್ಧ ಹೊಲಿದ ಕೋಟು ತೊಡಿಸಿ, ಹೊಟ್ಟೆಗೆ ಚಿಂದಿಬಟ್ಟೆ ತುರುಕಿ, ಸುತ್ತ ಗುಂಡುಸೂಜಿ ಚುಚ್ಚಿದ.

"ತಮ್ಮ ಎಲ್ಲಿ ಅಂತ ಅಮ್ಮ ಕೇಳಿದ್ರೆ?"

"ನಾನಿಲ್ವಾ! ನಿಮ್ಮ ಹಾಗೆ ಗೊಣಗೋದು ಎಷ್ಟೊತ್ತಿನ ಕೆಲಸ?"

ಹೀಗೆ ಮೇಷ್ಟ್ರು ಅಣ್ಣನಾಗಿ, ಟೈಲರ್ ಮೇಷ್ಟ್ರಾಗಿ ಒಳಗೆ ಹೋದರು.

"ಏನ್ ಮಹಾರಾಣೀ!"

ಅಮ್ಮ ಕೈಚಾಚಿ ಮುಖ ಸವರಿದಳು, ಕೆನ್ನೆ ಹಿಂಡಿದಳು, ಹೊಟ್ಟೆ ತಟ್ಟಿದಳು. ಸೂಜಿಯೊಂದು ನಾಟಿ ಮೇಷ್ಟ್ರು "ಅಯ್ಯೋ!" ಎಂದು ಚೀರಿದರು.

"ಯಾಕೋ?"

"ಖುಷಿಗೆ, ಅಮ್ಮಾ."

"ಚಿಕ್ಕವನೆಲ್ಲಿ?"

"ಇಲ್ಲೇ ಬಿದ್ದಿದೀನಿ," ಬಾಗಿಲ ಹತ್ತಿರದಿಂದ ಟೈಲರ್ ಗೊಣಗಿದ. "ಬೆಳಗ್ಗೆಯಿಂದ ನಿಂತೂ ನಿಂತೂ ಕಾಲು ನೋವು. ಈ ಮನೇಲಿ ನನ್ನನ್ನ ಯಾರು ಕೇಳ್ತಾರೆ!"

ತಾನು ಹೀಗೆ ಮಾತಾಡುತ್ತೇನೆಂದು ಮೇಷ್ಟ್ರಿಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು.

"ಗೊಣಗಿದ್ದು ಸಾಕು, ಅಣ್ಣನಿಗೆ ಟೀ ಮಾಡ್ಹೋಗು," ಎಂದು ಅಮ್ಮ ಟೈಲರನ್ನು ಅಡುಗೆಮನೆಗೆ ಅಟ್ಟಿದಳು. ಆಮೇಲೆ ಮೇಷ್ಟ್ರ ಕೈ ಹಿಡಿದು ದನಿ ತಗ್ಗಿಸಿದಳು.

"ಒಂದು ಮಾತು, ಚಿಕ್ಕವನಿಗೆ ಹೇಳಬೇಡ. ನೀನು ಹೋಗ್ಬಿಟ್ಟಿದೀಯ ಅಂತ ನನಗೆ ಗೊತ್ತು, ಮಗಾ."

ಮೇಷ್ಟ್ರು ಅಡುಗೆಮನೆ ಕಡೆ ತಿರುಗಿ ನೋಡಿದರು.

"ನಿನ್ನ ಫೋನ್ ಬರೋಕೆ ಮುಂಚೆ ಪ್ರತಿ ಸಲ ಅವನ ಚಪ್ಪಲಿ ಸದ್ದು ಮಹಡಿ ಹತ್ತುತ್ತೆ. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ನಾನು ಎಷ್ಟು ಅತ್ತೆ ಅಂತ ಅವನಿಗೆ ತಿಳಿಯೋದು ಬೇಡ. ಪಾಪ, ಅಷ್ಟು ಕಷ್ಟಪಟ್ಟು ನಿನ್ನನ್ನ ಉಳಿಸ್ಕೊಂಡಿದಾನೆ." ಹಾಗೆನ್ನುತ್ತಲೇ, ಜಾರುತ್ತಿದ್ದ ಚಿಂದಿಯನ್ನು ಅಮ್ಮ ತಾನೇ ತಡವಿ ಕೋಟಿನೊಳಕ್ಕೆ ತಳ್ಳಿದಳು.

ಮೇಷ್ಟ್ರಿಗೆ ಯಾರ ದನಿಯಲ್ಲಿ ಅಳಬೇಕೆಂದೇ ತಿಳಿಯಲಿಲ್ಲ.

"ನಾಳೆ... ಆಪರೇಷನ್ನಿಗೆ ಹೋಗ್ತೀಯಲ್ಲಾ, ಮಹಾರಾಣಿ?"

"ಹೋಗೋಣ ಅಂತಲೇ ಇದ್ದೆ. ಒಂದ್ಸಲ ನೀನು ಪಕ್ಕದಲ್ಲಿ ಕೂತ್ರೆ ಸಾಕು ಅಂದ್ಕೊಂಡಿದ್ದೆ. ಕೂತ ಮೇಲೆ ಆಸೆ ಹೆಚ್ಚಾಯ್ತು. ನನಗೆ ಕಣ್ಣು ಬಂದ್ರೆ ನೀನು ಬರೋಕಾಗುತ್ತೇನೋ? ಬೇಡಪ್ಪ. ನಾನು ಹೋಗಲ್ಲ."

"ಬರ್ತೀನಿ, ಅಮ್ಮಾ," ಎಂದು ಅಣ್ಣನ ದನಿಯಲ್ಲೇ ಹೇಳಿ ಮೇಷ್ಟ್ರು ಎದ್ದು ಹೊರಟರು. ಟೀ ಲೋಟ ಹಿಡಿದು ಬಂದ ಟೈಲರ್ ಹೊರಬಾಗಿಲಲ್ಲಿ ಮೇಷ್ಟ್ರನ್ನು ಹಿಡಿದ. "ಒಪ್ಪಿದ್ರಾ?" ಮೇಷ್ಟ್ರು ಕೋಟು ಬಿಚ್ಚಿ ಅವನ ಹೆಗಲಿಗೆ ಹಾಕಿ, ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತರು. ಆಮೇಲೆ ಮುಖ ತೊಳೆದು, ತಮ್ಮ ಚಪ್ಪಲಿ ಮೆಟ್ಟಿಕೊಂಡು ಒಳಗೆ ಬಂದರು.

"ಎಲ್ಲಿ ಹಾಳಾಗಿ ಹೋಗಿದ್ದೆ?" ಅಮ್ಮ ಗದರಿದಳು. "ಅಣ್ಣ ಬಂದ್ರೆ ಒಂದು ಲೋಟ ಟೀ ಕೊಡೋಕೂ ನಿನಗೆ ಬರಲ್ಲ. ಮುಂದಿನ ವಾರ ಮತ್ತೆ ಬರ್ತಾನಂತೆ. ಆ ಕೋಟು ಅವನಿಗೆ ಬಿಗಿ, ಸೂಜಿ ಬೇರೆ ಚುಚ್ಚುತ್ತೆ. ಟೈಲರಿಗೆ ಹೇಳಿ ಅಷ್ಟರೊಳಗೆ ಸರಿಯಾಗಿ ಹೊಲಿಸಿಡು."