ಮುಸೊಂಡಾ ಕೇಳಿದ ಚಪ್ಪಡಿ

ಚೀನಾದ ಸಾಲ ದೇಶಕ್ಕೆ ಬಂತು, ಡಾಂಬರು ರಸ್ತೆ ಊರಿಗೆ ಬಂತು, ಚರಂಡಿ ಮಾತ್ರ ನೇರವಾಗಿ ಮುಸೊಂಡಾಳ ಅಂಗಡಿಯ ಬಾಗಿಲಿಗೇ ಬಂತು. ಉತ್ತರ ಜಾಂಬಿಯಾದ ನಮ್ಮ ಸಂತೆಬೀದಿಯಲ್ಲಿ ಗೋಧಿಹಿಟ್ಟಿನ ಉಂಡೆ ಕರಿದು ಮಾರುವ ಒಂಟಿ ವಿಧವೆ ಆಕೆ. ಎದೆಯಾಳದ ಚರಂಡಿ ಹಾರಿ ಬಂದು ಉಂಡೆ ತಿನ್ನುವಷ್ಟು ಹಸಿವು ಯಾರಿಗಿರುತ್ತದೆ? ಒಂದು ಕಾಂಕ್ರೀಟ್ ಚಪ್ಪಡಿ ಬಿದ್ದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಬಾಣಲೆ ಬೋರಲು ಹಾಕುವುದೇ.

ಹದಿನೈದು ದಿನದಿಂದ ಆಕೆ ರಸ್ತೆ ಕಂಪನಿಯ ಉಗ್ರಾಣಕ್ಕೆ ಅಲೆಯುತ್ತಿದ್ದಳು. ಉಗ್ರಾಣದ ಫಾಂಗ್ ಚೀನಾದಿಂದ ಹೊಸದಾಗಿ ಬಂದವನು. ಅವನಿಗೆ ನಮ್ಮ ಬೆಂಬಾ ಬಾರದು, ಇವಳಿಗೆ ಚೀನೀ ಬಾರದು. ಮುಸೊಂಡಾ ಮಹಾ ಮರ್ಯಾದಸ್ಥೆ. 'ಸ್ವಾಮೀ' ಎಂದು ಅರ್ಥ ಕೊಡುವ 'ಮುಕ್ವಾಯ್' ಸೇರಿಸದೆ ಮೇಕೆಯನ್ನೂ ಅಟ್ಟಿದವಳಲ್ಲ. ಆಕೆ ಮಾತಿಗೊಂದು ಮುಕ್ವಾಯ್ ಎಂದು ಬೇಡುವಳು. ಅವನು ಮುಖ ಸಣ್ಣದು ಮಾಡಿಕೊಂಡು "ಮೇಯೊ, ಮೇಯೊ" ಎನ್ನುವನು. ಬೆಂಬಾದಲ್ಲಿ ಮಾಯೊ ಎಂದರೆ ಅಮ್ಮ. ದೊಡ್ಡ ಹೆಂಗಸರನ್ನು ಹಾಗೆ ಕರೆಯುವುದು ವಾಡಿಕೆ, ನಿಜ. ಆದರೆ ಇಷ್ಟು ಸಂಕಟಪಟ್ಟು ಯಾರು ಕರೆಯುತ್ತಾರೆ? ಹೆರದ ಹೊಟ್ಟೆ ಕರಗಿಹೋಗುತ್ತಿತ್ತು. ಚಪ್ಪಡಿ ಮರೆತು, ಅವನ ಕೈಗೆ ನಾಲ್ಕು ಉಂಡೆ ಇಟ್ಟು ವಾಪಸು ಬರುತ್ತಿದ್ದಳು.

ಆ ದಿನ ಬೆಳಗ್ಗೆ ಪಕ್ಕದ ಕ್ಷೌರದಂಗಡಿಯ ಚಿತಾಲು ಸುದ್ದಿ ತಂದ. ಕೆಲಸ ಮುಗಿದಿತ್ತು, ಕಂಪನಿ ನಾಳೆ ಗಂಟುಮೂಟೆ ಕಟ್ಟುವುದಿತ್ತು.

"ಇವತ್ತು ಕೇಳ್ದಿದ್ರೆ ಇನ್ನು ಚರಂಡಿ ಒಳಗೇ ಒಲೆ ಹೂಡ್ಬೇಕಾಗುತ್ತೆ, ನೋಡು."

"ಕೊಡ್ತಾನೆ ಬಿಡಪ್ಪ. ಬಾಯ್ತುಂಬ ಅಮ್ಮ ಅಂತಾನೆ ನನ್ನ."

ಅಮ್ಮ ಎನ್ನುವ ಮಗನಾದರೆ ತನಗೂ ಒಂದು ಚಪ್ಪಡಿ ಕೇಳು ಎಂದು ಚಿತಾಲು ಹಿಂದೆ ಬಿದ್ದ. ಕೋಳಿ ಮಾರುವವಳಿಗೆ ತಗಡು ಬೇಕಾಯಿತು, ದರ್ಜಿಗೆ ಸಿಮೆಂಟು ಬೇಕಾಯಿತು. ಅರ್ಧ ಬೀದಿ ಮುಸೊಂಡಾಳ ಬೆನ್ನಿಗೆ ಹೊರಟಿತು.

ಉಗ್ರಾಣದ ಮುಂದೆ ಆಕೆ ಮಂಡಿ ಬಾಗಿಸಿ, ಮುಕ್ವಾಯ್ ಎಂದು ಹತ್ತು ಸಲ ಹೇಳಿ ಕೇಳಿದಳು. ಫಾಂಗ್ ತಲೆ ತಗ್ಗಿಸಿ "ಮೇಯೊ" ಎಂದ. ಕೇಳಿಸಿತಾ ಎನ್ನುವಂತೆ ಆಕೆ ಜನರತ್ತ ತಿರುಗಿದಳು. ಅಷ್ಟರಲ್ಲಿ, ತಿಂಗಳ ಮೇಲೆ ರಾಜಧಾನಿಯಿಂದ ಮರಳಿ ಆಗತಾನೆ ಅಲ್ಲಿಗೆ ಬಂದ ಕಂಪನಿಯ ದುಭಾಷಿ ಕಸೊಂಡೆ ನಕ್ಕುಬಿಟ್ಟ.

"ಅವ್ನು ಮಾಯೊ ಅಂತಿಲ್ಲಮ್ಮ, ಮೇಯೊ ಅಂತಿದಾನೆ. ಅಂದ್ರೆ ಅವರ ಭಾಷೇಲಿ 'ಇಲ್ಲ' ಅಂತ."

ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿನಗೆ ಬೇಕಾದದ್ದೇನು ಎಂದು ಕಸೊಂಡೆ ಕೇಳುವುದರೊಳಗೆ ಮುಸೊಂಡಾ ಸೆರಗಿನಂತೆ ಹೊದ್ದಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಮನೆದಾರಿ ಹಿಡಿದಿದ್ದಳು. ಒಲೆ ಹಚ್ಚಲಿಲ್ಲ. ಚಪ್ಪಡಿ ಹೋಯಿತೆಂದಲ್ಲ, ಮಗ ಹೋದನೆಂದು ಅತ್ತಳು.

ಸಂಜೆ ಆಕೆ ಬಾಣಲೆ ಒಯ್ಯಲೆಂದು ಬೀದಿಗೆ ಬಂದಾಗ, ಅಂಗಡಿಯ ಮುಂದೆ ಲಾರಿಯೊಂದು ಹಿಮ್ಮುಖವಾಗಿ ಬಂದು ನಿಂತಿತು. ಫಾಂಗ್ ಕೆಳಗೆ ಹಾರಿ, ಮುಖವೆಲ್ಲ ನಗುವಾಗಿ, "ಮುಕ್ವಾಯ್, ಮುಕ್ವಾಯ್" ಎಂದ. ಅಮ್ಮ ಅನ್ನದಿದ್ದರೂ ಮರ್ಯಾದೆಯಾದರೂ ಕೊಟ್ಟನಲ್ಲ ಎಂದು ಆಕೆಗೆ ಸಮಾಧಾನವಾಯಿತು. ಆಳುಗಳು ಚರಂಡಿಯ ಆಚೆಗೆ, ಅಂಗಡಿಯ ಬಾಗಿಲಿಗೇ ಸರಕು ಎಸೆಯತೊಡಗಿದರು. ಗೇಣುದ್ದದ ಮರದ ತುಂಡುಗಳು, ನೂರಾರು. ಅಂಗಡಿಯೇ ಮುಚ್ಚಿಹೋಯಿತು.

ಜೊತೆಗೆ ಬಂದಿದ್ದ ಕಸೊಂಡೆ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಚೀನೀಲಿ ಮುಕ್ವಾಯ್ ಅಂದ್ರೆ ಮರದ ತುಂಡು. ನೀನು ದಿನಾ ಬಂದು ಮರದ ತುಂಡು ಕೇಳ್ತಿದ್ದೀಯ ಅನ್ಕೊಂಡಿದಾನೆ. 'ನಮ್ಮಮ್ಮನ ವಯಸ್ಸು, ಇಲ್ಲ ಇಲ್ಲ ಅಂತ ಕಳಿಸ್ತಿದೀನಿ' ಅಂತ ಒದ್ದಾಡ್ತಿದ್ದನಂತೆ. ಇವತ್ತು ಸೇತುವೆಯ ಸೆಂಟ್ರಿಂಗ್ ಹಲಗೆ ಬಿಚ್ಚಿದ್ರು. ಊಟ ಬಿಟ್ಟು ಕೂತು, ಒಂದೊಂದೇ ಕುಯ್ದಿದಾನೆ."

"ಹಲಗೆ ಎಷ್ಟುದ್ದ ಇತ್ತಪ್ಪ?"

"ಈ ಚರಂಡಿ ದಾಟೋ ಅಷ್ಟು."

ತಾನು ಕೇಳುತ್ತಿದ್ದದ್ದು ಚರಂಡಿಗೊಂದು ಚಪ್ಪಡಿ ಎಂದು ಮುಸೊಂಡಾ ಹೇಳಿದಳು. ಚಪ್ಪಡಿಯ ವಿಷಯ ಅವನಿಗೆ ಹೇಳಲೇ ಎಂದು ಕಸೊಂಡೆ ಕೇಳಿದ. ಆಕೆ ಫಾಂಗನ ಅಂಗೈ ನೋಡಿದಳು, ಬೊಬ್ಬೆ ಎದ್ದಿತ್ತು.

"ಬೇಡ. ಮಗು ನೊಂದ್ಕೊಳ್ಳುತ್ತೆ."

"ಆಯ್ತು. ಲಾರೀಲಿ ಇನ್ನೂ ಎರಡು ಉದ್ದದ ಹಲಗೆ ಉಳಿದಿವೆ. ಅವನು ಹೋದ್ಮೇಲೆ ನಾನೇ ಚರಂಡಿ ಮೇಲೆ ಹಾಸಿಕೊಡ್ತೀನಿ."

ಆಕೆಗೆ ಹೋದ ಜೀವ ಬಂದಂತಾಯಿತು. ಅಂಗಡಿಯೂ ಉಳಿಯಿತು, ಮಗನೂ ಉಳಿದ. ಮಂಡಿ ಬಾಗಿಸಿ, ಮೆಲ್ಲಗೆ ಚಪ್ಪಾಳೆ ತಟ್ಟಿ, ನಮ್ಮ ಕಡೆಯ ಕ್ರಮದಂತೆ ತುಂಬುಗಣ್ಣಿನಲ್ಲಿ ಧನ್ಯವಾದ ಹೇಳಿದಳು:

"ನತೊತೆಲಾ, ಮುಕ್ವಾಯ್. ನತೊತೆಲಾ, ಮುಕ್ವಾಯ್."

ಫಾಂಗನ ಮುಖ ಅರಳಿತು. ಇನ್ನೂ ಬೇಕೇ ಅಮ್ಮನಿಗೆ! ಗರಗಸ ಎತ್ತಿಕೊಂಡವನೇ ಲಾರಿ ಹತ್ತಿದ. ಕಸೊಂಡೆ ಕೂಗಲು ಬಾಯಿ ತೆರೆದ. ಮುಸೊಂಡಾ ಅವನ ತೋಳು ಹಿಡಿದು ನಿಲ್ಲಿಸಿದಳು. ಮೇಲೆ ಫಾಂಗ್, ಉಳಿದ ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಸರಿಯಾಗಿ ನಡುವಿನಲ್ಲಿ ಕುಯ್ಯತೊಡಗಿದ.