ಪ್ಲಾನ್ ಜಿ ಮತ್ತು ಒಂದು ಹಿಡಿ ಉಪ್ಪು

ಹೆಂಡತಿಗೆ ಕಾಯಿಲೆಯಾದರೆ ಗಂಡ ನಿದ್ದೆಗೆಡುವುದು ಲೋಕರೂಢಿ. ಅಮೆರಿಕದ ಸ್ಕೋಕಿ ಊರಿನ ಜಯಸಿಂಹರು ಮಾತ್ರ ಹೆಂಡತಿ ಕಲ್ಲುಗುಂಡಿನ ಹಾಗಿದ್ದಾರಲ್ಲ ಎಂದು ನಿದ್ದೆಗೆಟ್ಟಿದ್ದರು. ಯಾಕೆಂದರೆ, ಹಾಗಿದ್ದೇನೆ ಎಂದು ಆಕೆ ಈ ಜನ್ಮದಲ್ಲಿ ಯಾರ ಮುಂದೆಯೂ ಒಪ್ಪಿಕೊಳ್ಳುವವರಲ್ಲ.

ಅಂಬುಜಮ್ಮನವರಿಗೆ ಅರವತ್ತೇಳು. ಇಂಡಿಯನ್ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂನಲ್ಲಿ ಪಾರ್ಕಿಂಗ್ ಸಿಗದೆ ಕಾರನ್ನು ಎಲ್ಲೋ ದೂರದಲ್ಲಿ ನಿಲ್ಲಿಸಿದ ದಿನ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಮೂಟೆಯನ್ನು ಕಂಕುಳಲ್ಲಿ ಇರುಕಿಕೊಂಡು, ಗಂಡ ಕೀಲಿಕೈ ಹುಡುಕುವುದರೊಳಗೆ ಡಿಕ್ಕಿಯ ಹತ್ತಿರ ನಿಂತಿರುತ್ತಾರೆ. ಮಗಳು ತನ್ಮಯಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ಮಲಗಿದ್ದೇ ಮೊದಲು, ಅದೇ ಕೊನೆ. ಆದರೆ ಅರೋರಾದ ಬಾಲಾಜಿ ದೇವಸ್ಥಾನದಲ್ಲಿ ಯಾರಾದರೂ "ಚೆನ್ನಾಗಿದೀರಾ ಆಂಟಿ?" ಎಂದು ಕೇಳಲಿ, ಉತ್ತರ ಸಿದ್ಧವಾಗಿರುತ್ತದೆ: "ಎಲ್ಲಿ ಬಂತು, ಮಂಡಿ ಹಿಡ್ಕೊಂಡಿದೆ. ಸೊಂಟ ಬಿದ್ದೇಹೋಗಿದೆ. ಒಂದೊಂದು ಸಲ ಎದೆ ಡವಡವ ಅನ್ನತ್ತೆ."

ಇದು ಸುಳ್ಳಲ್ಲ, ರಕ್ಷಾಕವಚ. ಅವರ ತವರಿನಲ್ಲಿ "ಚೆನ್ನಾಗಿದೀನಿ" ಎನ್ನುವುದೂ ಒಂದೇ, ಯಮಧರ್ಮರಾಯನಿಗೆ ಅರಿಶಿನ ಕುಂಕುಮ ಕೊಟ್ಟು ಮನೆಗೆ ಕರೆಯುವುದೂ ಒಂದೇ. ಅವರ ಸೋದರತ್ತೆಯೊಬ್ಬರು ಮೈಸೂರಿನ ಮದುವೆಮನೆಯೊಂದರಲ್ಲಿ "ದೇವರ ದಯೆ, ನನಗೆ ನೆಗಡಿ ಕೂಡ ಬರಲ್ಲ" ಎಂದು ಪಂಕ್ತಿಯಲ್ಲಿ ಕೂತು ಹೇಳಿ, ಊಟ ಮುಗಿಸಿ ಕೈತೊಳೆಯಲು ಹೋದವರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ದೃಷ್ಟಿ. ಅಂದಿನಿಂದ ಆ ವಂಶದಲ್ಲಿ ಯಾರೂ ಚೆನ್ನಾಗಿಲ್ಲ.

ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಇನ್ಶೂರೆನ್ಸ್ ಕಂಪನಿಯ ಕಾಗದ ಬರುವವರೆಗೆ. ಅಮೆರಿಕದಲ್ಲಿ ಅರವತ್ತೈದು ದಾಟಿದವರ ಆಸ್ಪತ್ರೆ ಖರ್ಚಿನ ದೊಡ್ಡ ಪಾಲನ್ನು ಸರ್ಕಾರದ ಮೆಡಿಕೇರ್ ಹೊರುತ್ತದೆ. ಉಳಿದದ್ದು ನಮ್ಮ ತಲೆಗೆ ಬರದಿರಲಿ ಎಂದು ಖಾಸಗಿ ಕಂಪನಿಯಿಂದ ಸಪ್ಲಿಮೆಂಟ್ ಪಾಲಿಸಿ ಕೊಳ್ಳಬೇಕು. ಅದರಲ್ಲಿ ಪ್ಲಾನ್ ಜಿ, ಪ್ಲಾನ್ ಎನ್ ಎಂದು ಒಂದು ಅಕ್ಷರಮಾಲೆಯೇ ಇದೆ. ಪ್ಲಾನ್ ಜಿ ಯಾವ ಕಂಪನಿಯಲ್ಲಿ ಕೊಂಡರೂ ಸಿಗುವುದು ಅದೇ. ಬೆಲೆ ಮಾತ್ರ ಬೇರೆ ಬೇರೆ. (ಒಂದೇ ಇಡ್ಲಿ, ಹತ್ತು ಹೋಟೆಲು, ಹತ್ತು ರೇಟು.) ಜಯಸಿಂಹರು ತಮಗೆ ಅರವತ್ತೈದಾದಾಗ ಎದುರಿಗೆ ಕಂಡ ಮೊದಲ ಹೋಟೆಲಿಗೆ ನುಗ್ಗಿದ್ದರು. ಈಗ ಆ ಹೋಟೆಲು ವರ್ಷ ವರ್ಷ ರೇಟು ಏರಿಸುತ್ತಿತ್ತು, ಪೆನ್ಷನ್ ಮಾತ್ರ ಕೂತಲ್ಲೇ ಕೂತಿತ್ತು.

ಜಯಸಿಂಹರು ಮೂವತ್ತು ವರ್ಷ ಕಾರಿನ ಬ್ರೇಕ್ ವಿನ್ಯಾಸ ಮಾಡಿದ ಎಂಜಿನಿಯರು. ಅಂಥವರ ಮನಸ್ಸು ಎಲ್ಲದರಲ್ಲೂ ಬ್ರೇಕ್ ಫೇಲ್ ಆಗುವುದನ್ನೇ ಮೊದಲು ಯೋಚಿಸುತ್ತದೆ. ಹೀಗೇ ಏರಿದರೆ ಪಾಲಿಸಿ ಬಿಡಬೇಕಾಗುತ್ತದೆ. ಬಿಟ್ಟ ಮಾರನೆಯ ದಿನವೇ ಯಾರಾದರೂ ಹಿಮದಲ್ಲಿ ಜಾರಿ ಬೀಳುತ್ತಾರೆ. ಬಿದ್ದರೆ ಆಪರೇಷನ್, ಆಪರೇಷನ್ ಆದರೆ ಮನೆ ಮಾರಾಟ, ಕೊನೆಗೆ ಮಗಳ ಮನೆಯ ಬೇಸ್‌ಮೆಂಟಿನಲ್ಲಿ ವಾಸ. ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಅವರು ದಿನವೂ ಆ ಬೇಸ್‌ಮೆಂಟಿಗೆ ಇಳಿದಿರುತ್ತಿದ್ದರು.

ಆಗ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಿಂದ ಅಂಬುಜಮ್ಮನವರ ತಮ್ಮ ಪದ್ಮನಾಭ ಫೋನ್ ಮಾಡಿದ. "ಭಾವ, ನಾನು ಕಂಪನಿ ಚೇಂಜ್ ಮಾಡ್ಬಿಟ್ಟೆ. ಅದೇ ಪ್ಲಾನ್ ಜಿ, ದುಡ್ಡು ಎಷ್ಟೋ ಕಮ್ಮಿ. ನೀವಿನ್ನೂ ಹಳೇದನ್ನೇ ಕಟ್ಕೊಂಡು ಕೂತಿದೀರಾ?"

ಭಾವಮೈದುನನಿಂದ ಇಂಥ ಮಾತು ಕೇಳಿಸಿಕೊಂಡ ಮೇಲೆ ಯಾವ ಭಾವ ಸುಮ್ಮನಿರುತ್ತಾನೆ? ಜಯಸಿಂಹರು ಲ್ಯಾಪ್‌ಟಾಪ್ ತೆರೆದು ಕಂಪನಿ ಕಂಪನಿಯ ದರಗಳನ್ನು ತೂಗಿದರು, ಜಾಲಾಡಿದರು, ಪಟ್ಟಿ ಮಾಡಿ ಸಾಲು ಸಾಲಿಗೂ ಬಣ್ಣ ಹಚ್ಚಿದರು. ಮಗಳು "ಡ್ಯಾಡ್, ಜಸ್ಟ್ ಪಿಕ್ ಒನ್" ಎಂದು ಫೋನ್ ಇಟ್ಟಳು. ಕೊನೆಗೆ ಇಬ್ಬರಿಗೂ ಸಾಕಷ್ಟು ಉಳಿತಾಯವಾಗುವ ಒಂದು ಕಂಪನಿ ಸಿಕ್ಕಿ, ಅರ್ಜಿಯೂ ಹೋಯಿತು. ಆದರೆ ಒಂದು ತೊಡಕಿತ್ತು. ಅರವತ್ತೈದರ ಹೊಸತರಲ್ಲಾದರೆ ಯಾರೂ ಆರೋಗ್ಯ ಕೇಳುವುದಿಲ್ಲ. ಆ ಗಡುವು ದಾಟಿದ ಮೇಲೆ ಬದಲಾಯಿಸುವವರಿಗೆ ಕಂಪನಿಯಿಂದ ಫೋನ್ ಬರುತ್ತದೆ. ಅದಿದೆಯಾ, ಇದಿದೆಯಾ ಎಂದು ವಿಚಾರಿಸುತ್ತಾರೆ. ತಪ್ಪಾದ ಕಡೆ ಒಂದು "ಹೌದು" ಬಿದ್ದರೆ ಬಾಗಿಲು ಮುಚ್ಚಿತು.

ಜಯಸಿಂಹರ ನಿದ್ದೆ ಹಾರಿದ್ದು ಇಲ್ಲಿ.

"ರಿಹರ್ಸಲ್ ಮಾಡೋಣ," ಎಂದು ಟಿವಿ ರಿಮೋಟನ್ನು ಕಿವಿಗಿಟ್ಟುಕೊಂಡರು. "ಹಲೋ ಮೇಡಂ, ಹೇಗಿದೀರಿ?"

"ಏನೋ, ಹೀಗಿದೀನಿ."

"ಲೇ, ಅಲ್ಲಿಗೇ ಮುಗೀತು ನಿನ್ನ ಪಾಲಿಸಿ. ಚೆನ್ನಾಗಿದೀನಿ ಅನ್ನು."

"ಅದೊಂದು ನನ್ನ ಬಾಯಲ್ಲಿ ಬರಲ್ಲಾರೀ."

"ಹೋಗಲಿ, ಮುಂದಿನ ಪ್ರಶ್ನೆ. ಎದೆನೋವು ಇದೆಯಾ?"

"ಇಲ್ಲ ಅಂದ್ರೆ ಬರತ್ತೆ. ಇದೆ ಅಂದ್ರೆ ಬರಲ್ಲ."

"ಇಲ್ಲದ್ದನ್ನ ಇದೆ ಅಂತ ಕಂಪನಿಗೆ ಸುಳ್ಳು ಹೇಳ್ತೀಯಾ?"

"ಸುಳ್ಳು ಯಾಕೆ ಹೇಳ್ಲಿ? ಇಲ್ಲ ಅನ್ನಲ್ಲ ಅಷ್ಟೇ. ಸದ್ಯಕ್ಕೆ ಗೊತ್ತಾಗ್ತಿಲ್ಲ ಅಂತೀನಿ."

ಜಯಸಿಂಹರು ರಿಮೋಟ್ ಕೆಳಗಿಟ್ಟು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಏನೋ ಹೊಳೆದು ಕ್ಯಾಂಟನ್‌ಗೆ ಫೋನ್ ಹಚ್ಚಿದರು. "ಪದ್ಮನಾಭ, ನೀನೂ ಅದೇ ಮನೆಯವನು ತಾನೆ? ನೀನು ಹ್ಯಾಗಪ್ಪಾ ಪಾಸಾದೆ?"

ಪದ್ಮನಾಭ ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡಿ ಭಾವ. ಎಡಗೈ ಮುಷ್ಟೀಲಿ ಕಲ್ಲುಪ್ಪು ಹಿಡ್ಕೊಂಡೇ ಮಾತಾಡಿದೆ. ಫೋನ್ ಇಟ್ಟ ತಕ್ಷಣ ಸಿಂಕಿಗೆ ಹಾಕಿ ನೀರು ಬಿಟ್ಟೆ. ಆಡಿದ ಮಾತೆಲ್ಲ ಉಪ್ಪಿನ ಜೊತೆ ಕರಗಿ ಹೋಗತ್ತೆ." (ಈ ಪದ್ಮನಾಭ ನಿವೃತ್ತ ಹೃದಯತಜ್ಞ. ಜೀವಮಾನವಿಡೀ ರೋಗಿಗಳಿಗೆ ಉಪ್ಪು ಮುಟ್ಟಬೇಡಿ ಎಂದು ಬುದ್ಧಿ ಹೇಳಿದವನು.)

ಅಂಬುಜಮ್ಮ ಈ ಉಪಾಯವನ್ನು ಒಪ್ಪಿಕೊಂಡರು. ತಮ್ಮನ ಮೇಲೆ ಅವರಿಗೆ ಗಂಡನಿಗಿಂತ ಒಂದು ಗುಲಗಂಜಿ ಹೆಚ್ಚೇ ನಂಬಿಕೆ.

ಫೋನ್ ಬರುವ ದಿನ ಜಯಸಿಂಹರು ಬೆಳಗಿನಿಂದ ಏನೂ ತಿನ್ನಲಿಲ್ಲ. ಊಟದ ಮೇಜಿನ ನಡುವೆ ಫೋನಿಟ್ಟು ಸ್ಪೀಕರ್ ಹಾಕಿದರು. ಹೆಂಡತಿ ಎಲ್ಲಾದರೂ ಹಳಿ ತಪ್ಪಿದರೆ ಕಣ್ಣಲ್ಲೇ ಬ್ರೇಕ್ ಹಾಕುವ ಏರ್ಪಾಡು ಅದು. ಆ ಕಡೆಯಿಂದ ಬ್ರೆಂಡಾ ಎಂಬ ಹೆಣ್ಣುಮಗಳು ಜೇನಿನಂಥ ದನಿಯಲ್ಲಿ ಶುರುಮಾಡಿದಳು. (ಮಾತು ನಡೆದದ್ದು ಇಂಗ್ಲಿಷಿನಲ್ಲಿ, ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ.) ಎದೆನೋವು? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಉಸಿರಾಟದ ತೊಂದರೆ? ಇಲ್ಲ. ಅಂಬುಜಮ್ಮನ ಎಡಗೈ ಸೆರಗಿನ ಮರೆಯಲ್ಲಿ ಬಿಗಿಯಾಗಿ ಮುಚ್ಚಿತ್ತು, ಬಾಯಿಂದ "ಇಲ್ಲ"ಗಳು ಅರಳು ಹುರಿದ ಹಾಗೆ ಉದುರುತ್ತಿದ್ದವು. ಜಯಸಿಂಹರಿಗೆ ಹೆಂಡತಿಯ ಮೇಲೆ ಮದುವೆಯಾದ ಹೊಸತರ ಪ್ರೀತಿ ಉಕ್ಕಿ ಬಂತು.

ಇನ್ನು ಸರ್ ಸರದಿ, ಐದು ನಿಮಿಷದಲ್ಲಿ ಮತ್ತೆ ಮಾಡುತ್ತೇನೆ ಎಂದು ಬ್ರೆಂಡಾ ಫೋನಿಟ್ಟದ್ದೇ, ಅಂಬುಜಮ್ಮ ಸಿಂಕಿನ ಕೆಲಸ ಮುಗಿಸಿ, ಹೊಸದಾಗಿ ಒಂದು ಹಿಡಿ ಉಪ್ಪು ತಂದು ಗಂಡನ ಮುಂದೆ ಕೈ ಚಾಚಿದರು. "ಈಗ ನಿಮ್ಮ ಸರದಿ. ಹಿಡ್ಕೊಳ್ಳಿ."

"ನಾನು ಎಂಜಿನಿಯರ್ ಕಣೇ. ಈ ಮೂಢನಂಬಿಕೆಯೆಲ್ಲ ನಿಮ್ಮ ವಂಶಕ್ಕಿರಲಿ."

"ಐದು ನಿಮಿಷ ಹಿಡ್ಕೊಂಡ್ರೆ ನಿಮ್ಮ ಡಿಗ್ರಿ ಸವೆದುಹೋಗತ್ತಾ?"

"ಲ್ಯಾಪ್‌ಟಾಪ್ ಮೇಲೆ ಉದುರತ್ತೆ. ಆಚೆ ಹೋಗು."

ಅಂಬುಜಮ್ಮ ಆಚೆ ಹೋಗಲಿಲ್ಲ. ಫೋನ್ ಮತ್ತೆ ಬಂತು. ಬ್ರೆಂಡಾ ಕೇಳುತ್ತ ಹೋದಳು, ಜಯಸಿಂಹರು ಇಲ್ಲ, ಇಲ್ಲ ಎನ್ನುತ್ತ ಹೋದರು. ಅಲ್ಲಿಗೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬ್ರೆಂಡಾ ಬಾಯಿಮಾತಿಗೆ "ನಿಮ್ಮ ವಯಸ್ಸಿಗೆ ಬಹಳ ಚೆನ್ನಾಗಿದ್ದೀರಿ ಸರ್" ಎಂದುಬಿಟ್ಟಳು. ಬೆಳಗಿನಿಂದ ಬಿಗಿಹಿಡಿದಿದ್ದ ಆತಂಕ ಆ ಒಂದು ಮಾತಿಗೆ ಸಡಿಲವಾಗಿ, ಬ್ರೇಕಿನ ತಜ್ಞರಿಗೆ ಬಾಯಿಯ ಬ್ರೇಕೇ ಕೈಕೊಟ್ಟಿತು.

"ದಿನಾ ಮೂರು ಮೈಲಿ ನಡೆಯುತ್ತೇನೆ," ಎಂದರು. ಅಂಬುಜಮ್ಮ ಉಪ್ಪಿನ ಕೈಯಿಂದ ತಿವಿದರು. "ಡ್ರೈವ್‌ವೇಯ ಹಿಮವನ್ನೆಲ್ಲ ನಾನೇ ಎತ್ತಿ ಹಾಕುತ್ತೇನೆ." ಅಂಬುಜಮ್ಮ ಉಪ್ಪನ್ನು ಅವರ ಮುಷ್ಟಿಯೊಳಗೆ ತುರುಕಲು ನೋಡಿದರು, ಅವರು ಕೊಡವಿದರು. "ನನ್ನ ಹೃದಯ ಮೂವತ್ತು ವರ್ಷದವನ ಹಾಗಿದೆ. ನಮ್ಮ ತಾತ ತೊಂಬತ್ತಾರು ವರ್ಷ ಬದುಕಿದ್ದರು. ನನಗೆ ನೂರು ಗ್ಯಾರಂಟಿ."

ನೂರು ಎಂಬ ಮಾತು ಕಿವಿಗೆ ಬಿದ್ದದ್ದೇ ಅಂಬುಜಮ್ಮ ಫೋನಿನ ಮೇಲೆ ಬಾಗಿದರು. "ಅವರು ಹೇಳುವುದನ್ನು ನಂಬಬೇಡಿ ಮೇಡಂ. ಮೊನ್ನೆ ಬೇಸ್‌ಮೆಂಟಿನ ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರು. ಎದೆ ಹಿಡಿದುಕೊಂಡು ನಿಂತುಬಿಟ್ಟರು."

ಆ ಕಡೆಯಿಂದ ಕೀಬೋರ್ಡಿನ ಟಕಟಕ. "ಮಾತಾಡುತ್ತಿರುವವರು ಯಾರು?"

"ಅವರ ಹೆಂಡತಿ."

"ಡಾಕ್ಟರಿಗೆ ತೋರಿಸಿದರಾ?"

"ತೋರಿಸುವ ಪೈಕಿಯೇ ಅಲ್ಲ."

"ಗ್ರೈಂಡರ್ ಹೊತ್ತಿದ್ದೆ!" ಎಂದು ಜಯಸಿಂಹರು ಚೀರಿದರು. "ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಮೇಡಂ, ಒಳಗೆಲ್ಲ ಕಲ್ಲು, ಇವಳೇ ಮೇಲೆ ತನ್ನಿ ಅಂದಳು." ಅವರು ವಿವರಿಸಿದಷ್ಟೂ ಬ್ರೆಂಡಾಳ ಟಕಟಕ ಜೋರಾಯಿತು. ಕೊನೆಗೆ ಆಕೆ ಅದೇ ಜೇನುದನಿಯಲ್ಲಿ ವಂದಿಸಿ, ಪತ್ರ ಬರುತ್ತದೆ ಎಂದು ಹೇಳಿ ಫೋನಿಟ್ಟಳು.

"ನಿನಗೆ ಬುದ್ಧಿ ಇದೆಯೇನೇ?" ಜಯಸಿಂಹರು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದರು. "ಇಷ್ಟು ದಿನದ ಕಷ್ಟವನ್ನೆಲ್ಲ ಒಂದು ನಿಮಿಷದಲ್ಲಿ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ ಮಾಡಿದೆಯಲ್ಲ."

"ನನ್ನ ವಿಷಯದಲ್ಲಿ ನೀವು ಹೇಳಿದ ಹಾಗೇ ಹೇಳಿದೆ. ಏನಾದ್ರೂ ಆದ್ರೆ ನನಗಾಗ್ಲಿ ಅಂತ." ಅಂಬುಜಮ್ಮನ ಕಣ್ಣು ತುಂಬಿತ್ತು. "ಕೈಯಲ್ಲಿ ಉಪ್ಪೂ ಇಲ್ದೆ, ಕಂಡು ಕೇಳದವಳ ಮುಂದೆ ನೂರು ವರ್ಷ ಗ್ಯಾರಂಟಿ ಅಂದ್ರೆ ನಾನು ಹ್ಯಾಗೆ ಸುಮ್ಮನಿರ್ಲಿ? ನೀವೇ ಹೋದ್ಮೇಲೆ ನಾನು ಪ್ಲಾನ್ ಜಿ ಇಟ್ಕೊಂಡು ಏನು ಮಾಡ್ಲಿ?"

ಜಯಸಿಂಹರು ಎದ್ದು ಹೋಗಿ ತಣ್ಣಗಾಗಿದ್ದ ಉಪ್ಪಿಟ್ಟು ತಿಂದರು.

ಪತ್ರಗಳು ಒಟ್ಟಿಗೇ ಬಂದವು. ಶ್ರೀಮತಿಯವರಿಗೆ ಸುಸ್ವಾಗತ. ಶ್ರೀಯುತರ ಅರ್ಜಿಯನ್ನು ಆರೋಗ್ಯದ ಕಾರಣದಿಂದ ಒಪ್ಪಿಕೊಳ್ಳಲಾಗುತ್ತಿಲ್ಲ, ವಿಷಾದ. ಅವರಿಗೆ ಹಳೆಯ ಹೋಟೆಲೇ ಗತಿ. ಅಂಬುಜಮ್ಮ ಎರಡನೆಯ ಪತ್ರವನ್ನು ಭಕ್ತಿಯಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮೇಲೊಂದು ಚಿಟಿಕೆ ಕುಂಕುಮ ಇಟ್ಟರು. "ಇನ್ನು ಯಾರ ಕಣ್ಣು ತಾಗತ್ತೆ ನೋಡೋಣ. ಅಷ್ಟು ದೊಡ್ಡ ಕಂಪನಿಯೇ ರೋಗಿಷ್ಟ ಅಂತ ಬರ್ಕೊಟ್ಟಿದೆ." ಹೊಸ ಮನೆ ಕಟ್ಟುವವರು ದೃಷ್ಟಿಗೊಂಬೆ ನಿಲ್ಲಿಸಿ ನೋಡುವ ಹಾಗೆ ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು.

ಹಾಲಿಗೆಂದು ಫ್ರಿಜ್ ತೆಗೆದಾಗಲೆಲ್ಲ ಜಯಸಿಂಹರ ಕಣ್ಣಿಗೆ ಅದೇ ಬೀಳುತ್ತಿತ್ತು. ಆರೋಗ್ಯದ ಕಾರಣದಿಂದ. ಅಷ್ಟು ದೊಡ್ಡ ಕಂಪನಿ, ಸುಮ್ಮನೆ ಬರೆದೀತೇ? ಬೇಸ್‌ಮೆಂಟಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಎದೆ ಮುಟ್ಟಿ ನೋಡಿಕೊಳ್ಳತೊಡಗಿದರು. ಡವಡವ ಎನ್ನುತ್ತಿತ್ತು. (ಎಲ್ಲರದೂ ಹಾಗೇ ಅನ್ನುತ್ತದೆ, ಅನ್ನದಿದ್ದರೆ ಕಷ್ಟ. ಆದರೆ ಹೆದರಿದವನಿಗೆ ಅದನ್ನು ಹೇಳುವವರು ಯಾರು?) ಮೂರು ಮೈಲಿಯ ನಡಿಗೆ ಮನೆಯಂಗಳಕ್ಕೆ ಇಳಿಯಿತು. ಕಡೆಗೆ ತಾವೇ ಹೆಂಡತಿಯನ್ನು ಕರೆದುಕೊಂಡು ಡಾಕ್ಟರ ಬಳಿ ಹೋದರು.

ಡಾಕ್ಟರು ಅವರ ಮೈಗೆಲ್ಲ ವೈರು ಅಂಟಿಸಿ, ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ, ಚಿತ್ರ ತೆಗೆಸಿ, ಏನೂ ಇಲ್ಲ, ಹೃದಯ ಗಟ್ಟಿಮುಟ್ಟಾಗಿದೆ ಎಂದು ಬೆನ್ನು ತಟ್ಟಿ ಕಳಿಸಿದರು. ಜಯಸಿಂಹರು ಶರ್ಟಿನ ಗುಂಡಿಯನ್ನೂ ಪೂರ್ತಿ ಹಾಕದೆ ಹೊರಗೆ ಬಂದರು. ಅಂಬುಜಮ್ಮ ಮೂಲೆಯ ಕುರ್ಚಿಯಲ್ಲಿ ಎಡಗೈ ಮುಷ್ಟಿ ಬಿಗಿದು ಕೂತಿದ್ದರು.

"ಏನಂದ್ರು?"

ಜಯಸಿಂಹರು ಬಾಯಿ ತೆರೆದರು. ಸುತ್ತ ಕೂತಿದ್ದ ಮುದುಕ ಮುದುಕಿಯರೆಲ್ಲ ತಲೆಯೆತ್ತಿ ನೋಡಿದರು. ಜಯಸಿಂಹರು ಹೆಂಡತಿಯ ಪಕ್ಕ ಕೂತು ಮೆಲ್ಲಗೆ, "ಏನೋ, ಹೀಗಿದೀನಿ ಕಣೇ. ಸ್ವಲ್ಪ ಉಪ್ಪು ಕೊಡು," ಎಂದರು.

ಅಂಬುಜಮ್ಮ ಮುಷ್ಟಿ ಬಿಚ್ಚಿದರು. ಅಷ್ಟು ಹೊತ್ತು ಹಿಡಿದಿದ್ದ ಉಪ್ಪು ಬೆವರಿಗೆ ಕರಗಿಹೋಗಿ ನಾಲ್ಕು ಹರಳು ಉಳಿದಿದ್ದವು. ಜಯಸಿಂಹರು ಆ ಒದ್ದೆ ಕೈಯನ್ನೇ ಹರಳುಸಮೇತ ಹಿಡಿದುಕೊಂಡು ಎದ್ದರು.

ಹೊರಬಾಗಿಲ ಬಳಿಯ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ಮುಖವೆತ್ತಿ ನಕ್ಕಳು. "ಈಗ ಹೇಗನ್ನಿಸುತ್ತಿದೆ ಸರ್?"

"ಎಲ್ಲಿ ಬಂತು," ಎಂದರು ಜಯಸಿಂಹರು. "ಮಂಡಿ ಹಿಡಿದುಕೊಂಡಿದೆ. ಸೊಂಟ ಬಿದ್ದೇಹೋಗಿದೆ."

ಅಂಬುಜಮ್ಮ ಹೆಮ್ಮೆಯಿಂದ ಗಂಡನ ಮುಖ ನೋಡಿದರು. ಹುಡುಗಿ ಪಾಪ, ಮರುಕದಿಂದ ತಲೆಯಾಡಿಸಿ, ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಅವರ ದಾಖಲೆಯಲ್ಲಿ ಟೈಪ್ ಮಾಡಿಕೊಂಡಳು.